ತಂತಿಯ ಗೂಡು ಹೊತ್ತು ಬಂದವರು

ಮಾನ್ಯ ಓದುಗರಲ್ಲಿ,

ವಿಷಯ: ನಮ್ಮ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕರಾಗಿದ್ದವರ ಕುರಿತು ನನಗೆ ತಿಳಿದಷ್ಟನ್ನು ನಿವೇದಿಸಿಕೊಳ್ಳುವ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಈ ಬರಹದ ಅಕ್ಷರಗಳು ಸಾಲು ಬಿಟ್ಟು ಏರಿಳಿದಿದ್ದರೆ, ಒತ್ತು ದೀರ್ಘಗಳು ಇರಬೇಕಾದಲ್ಲಿ ಇಲ್ಲದೆ ಇರಬಾರದಲ್ಲಿ ಕುಳಿತಿದ್ದರೆ, ತಾವು ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು. ಹುಮನಾಬಾದಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಗುಮಾಸ್ತನಾಗಿ ಸೇವೆ ಸಲ್ಲಿಸಿದವನು ನಾನು. ಅಲ್ಲಿ ಬರೆದದ್ದೆಲ್ಲ ಬೇರೆಯವರ ಸಹಿಗಾಗಿ ಬರೆದದ್ದು. ಟೈಪ್ ಯಂತ್ರಕ್ಕೆ ಒಗ್ಗಿದ ಬೆರಳುಗಳು ಪೆನ್ನು ಹಿಡಿದರೆ ಇಂದಿಗೂ ಅಂಜುತ್ತವೆ. ನನ್ನದೇ ಹೆಸರಿನಲ್ಲಿ, ನನ್ನದೇ ಮಾತಿನಲ್ಲಿ ಬರೆಯುತ್ತಿರುವುದು ಇದೇ ಪ್ರಥಮ. ಪತ್ರದ ಒಕ್ಕಣೆ ಬಿಟ್ಟರೆ ಬೇರೆ ಒಕ್ಕಣೆ ನನಗೆ ತಿಳಿಯದಾದ್ದರಿಂದ ಅದನ್ನೇ ಆಶ್ರಯಿಸಿದ್ದೇನೆ.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಗುರುಗಳ ನೆನಪಿನ ಪುಸ್ತಕವೊಂದನ್ನು ತರುತ್ತಿದ್ದು, ಸದರಿ ಶಿಕ್ಷಕರ ಬಗ್ಗೆ ನಾನೇ ಬರೆಯತಕ್ಕದ್ದೆಂದು ಒತ್ತಾಯಿಸಿರುತ್ತಾರೆ. ಶಿಕ್ಷಕರು ನಿವೃತ್ತರಾಗಿ ಬಸವಕಲ್ಯಾಣದ ತಮ್ಮ ಮನೆ ಸೇರಿ ಬಹಳ ಕಾಲವಾಗಿದೆ. ಅನುಮತಿ ಕೇಳಲು ಹೋದಾಗ ಅವರು ಹೇಳಿದ್ದು ಇಷ್ಟೇ:

“ಬರೀರಿ, ನಾ ಬ್ಯಾಡ ಅನ್ನಂಗಿಲ್ಲ. ಹೆಸರ ಮಾತ್ರ ಹಾಕಬ್ಯಾಡ್ರಿ. ಯಾವ ಹಕ್ಕೀನೂ ತನ್ನ ಗೂಡಿನ ಮ್ಯಾಲ ಸಹಿ ಮಾಡಂಗಿಲ್ಲ.”

ಆದ ಪ್ರಯುಕ್ತ ಹೆಸರನ್ನು ಕೈಬಿಡಲಾಗಿದೆ. ಶಾಲೆಯಲ್ಲಿ ಮಕ್ಕಳಿಂದ ಹಿಡಿದು ಮುಖ್ಯೋಪಾಧ್ಯಾಯರವರೆಗೆ ಎಲ್ಲರೂ ಅವರನ್ನು ಡ್ರಾಯಿಂಗ್ ಸರ್ ಎಂದೇ ಕರೆಯುತ್ತಿದ್ದುದರಿಂದ ನಾನೂ ಹಾಗೆಯೇ ಕರೆಯುತ್ತೇನೆ.

ಡ್ರಾಯಿಂಗ್ ಸರ್ ನಿತ್ಯವೂ ಬಸವಕಲ್ಯಾಣದಿಂದ ಹುಮನಾಬಾದಿಗೆ ಬಸ್ಸಿನಲ್ಲಿ ಬಂದು ಹೋಗುವವರು. ಸಣಕಲು ಮೈ, ಹೆಗಲಿಗೆ ಖಾದಿ ಜೋಳಿಗೆ. ಏನನ್ನಾದರೂ ನೋಡುವಾಗ ತಲೆಯನ್ನು ಒಂದು ಬದಿಗೆ ವಾಲಿಸುವರು. “ಜರಾ ತಡೀರಿ” ಎಂಬುದು ಅವರ ಬಾಯಲ್ಲಿ ಸದಾ ಇರುತ್ತಿದ್ದ ಮಾತು. ಜೊತೆಯಲ್ಲಿ ನಡೆಯುತ್ತಿದ್ದವರು ಮಾತು ಮುಂದುವರಿಸುತ್ತ ದೂರ ಹೋಗಿ ತಿರುಗಿ ನೋಡಿದರೆ, ಇವರು ಹಿಂದೆ ಎಲ್ಲೋ ಬೇಲಿಯ ಬಳಿ ಕುಕ್ಕರುಗಾಲಿನಲ್ಲಿ ಕುಳಿತಿರುತ್ತಿದ್ದರು.

ಅವರ ಊಟದ ಡಬ್ಬಿಗೆ ಎರಡು ಅಂತಸ್ತು. ಕೆಳಗಿನದರಲ್ಲಿ ಜೋಳದ ರೊಟ್ಟಿ, ಪಲ್ಯ. ಮೇಲಿನದು ದಾರಿಯಲ್ಲಿ ಸಿಕ್ಕ ವಸ್ತುಗಳಿಗೆ ಮೀಸಲು. ಇದನ್ನರಿಯದ ಹಿಂದಿ ಶಿಕ್ಷಕಿಯವರು ತಾವು ಶಾಲೆಗೆ ಸೇರಿದ ಹೊಸತರಲ್ಲಿ, ಶೇಂಗಾ ಹಿಂಡಿ ಇರಬಹುದೆಂದು ಮೇಲಿನ ಡಬ್ಬಿಯ ಮುಚ್ಚಳ ತೆರೆದುಬಿಟ್ಟರು.

“ಸರ್, ಇದ್ಯಾವ ಉಂಡಿ ಅದರಿ? ಬಾಳ ದುಂಡಗದಲ್ಲ!”

“ಬಾಯಾರ, ಮುಟ್ಟಬ್ಯಾಡ್ರಿ! ಸೆಗಣಿ ಹುಳ ಉರುಳಿಸಿದ್ದು ಅದು. ನೋಡ್ರಿ, ಎಲ್ಲೂ ಒಂದು ಡೊಂಕಿಲ್ಲ. ನನಗ ಕಂಪಾಸ್ ಕೊಟ್ರೂ ಇಷ್ಟು ಬರಾಬರ್ ಬರಂಗಿಲ್ಲ.”

ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವುದು ಬಾಯಾರು ಎಂದೇ; ಆ ಬಾಯಾರು ಅಂದು ಊಟ ಮಾಡಲಿಲ್ಲ. ಆದರೆ ಮರುದಿನದಿಂದ ಊಟಕ್ಕೆ ಮೊದಲು “ಮ್ಯಾಲಿನ ಡಬ್ಬ್ಯಾಗ ಇವತ್ತೇನದರಿ?” ಎಂದು ಕೇಳುವವರಲ್ಲಿ ಅವರೇ ಮೊದಲಿಗರಾದರು.

ಬಸ್ಸಿನ ಒಂದು ಪ್ರಸಂಗಕ್ಕೆ ನಾನೇ ಸಾಕ್ಷಿ. ನಾನು ಕಚೇರಿ ಕೆಲಸದ ಮೇಲೆ ಬಸವಕಲ್ಯಾಣಕ್ಕೆ ಹೋಗಿ ಉಳಿದು, ಮರುದಿನ ಅವರೊಂದಿಗೇ ಮರಳುತ್ತಿದ್ದೆ. ಅವರ ಕೈಯಲ್ಲಿ ಗೀಜಗ ಹಕ್ಕಿ ಬಿಟ್ಟುಹೋದ ಗೂಡು. ಬಾವಿಯ ಮೇಲೆ ಬಾಗಿದ ಜಾಲಿಯ ಟೊಂಗೆಯಲ್ಲಿ ತೂಗುತ್ತಿದ್ದುದಂತೆ. ಆ ದಿನಗಳಲ್ಲಿ ಹಾಳಾದ ಕ್ಯಾಸೆಟ್ಟುಗಳ ರೀಲು ಎಲ್ಲ ಬೇಲಿಗಳಿಗೂ ಸುತ್ತಿಕೊಂಡಿರುತ್ತಿತ್ತು. ಈ ಗೀಜಗ ಹುಲ್ಲಿನ ಎಳೆಯ ನಡುನಡುವೆ ಆ ಕಪ್ಪು ರೀಲನ್ನೇ ಹೆಣೆದಿತ್ತು. ಬಿಸಿಲು ಬಿದ್ದರೆ ಗೂಡು ರೇಷ್ಮೆಯಂತೆ ಮಿಂಚುತ್ತಿತ್ತು.

ಕಂಡಕ್ಟರ್ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. “ಸರ್, ಇದಕ್ಕ ರೀಲ್ ಯಾಕ ಸುತ್ತೀರಿ?”

“ನಾ ಎಲ್ಲಿ ಸುತ್ತೀನೋ ಮಾರಾಯ, ಹಕ್ಕೀನೇ ಸುತ್ತದ.”

“ಹಂಗಾದ್ರ ಒಳಗ ಹಾಡ ಕೇಳಸ್ತದೇನ್ರಿ?”

“ಕಿವಿ ಕೊಟ್ಟು ನೋಡು.”

ಕಂಡಕ್ಟರ್ ನಿಜವಾಗಿಯೂ ಕಿವಿಗೊಟ್ಟ. “ಬರೇ ಸೂಂಯ್ ಅಂತದ. ಸೆಲ್ ಮುಗದಾವ ಕಾಣಸ್ತದ” ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಗೂಡು ಸೀಟಿನಿಂದ ಸೀಟಿಗೆ ಹೋಯಿತು. ಪ್ರತಿಯೊಬ್ಬರೂ ಕಿವಿಗೊಟ್ಟು ಕೇಳಿ, ಎಳೆಯನ್ನು ಬೆರಳಿನಿಂದ ಸವರಿ, ಜೋಪಾನವಾಗಿ ಮುಂದಿನವರಿಗೆ ಕೊಟ್ಟರು. ಹುಮನಾಬಾದ್ ತಲುಪುವಾಗ ಅದು ಕಿಂಚಿತ್ತೂ ಮುಕ್ಕಾಗದೆ ಸರ್ ಅವರ ತೊಡೆಗೆ ಮರಳಿತ್ತು ಎಂಬುದನ್ನು ದಾಖಲಿಸಬಯಸುತ್ತೇನೆ.

ಈ ಎಲ್ಲ ವಸ್ತುಗಳು ಬಂದು ಸೇರುತ್ತಿದ್ದುದು ಶಾಲೆಯ ಪೂರ್ವದ ಅಂಚಿನ ಚಿತ್ರಕಲಾ ಕೋಣೆಗೆ. ಗಟ್ಟಿ ಬಾಗಿಲು, ಕಂಬಿಯಿದ್ದ ಕಿಟಕಿ, ಮಳೆಗೆ ಸೋರದ ಚಾವಣಿ ಇದ್ದ ಕೋಣೆಗಳಲ್ಲಿ ಅದೂ ಒಂದು. ಒಂದು ಗಾಜಿನ ಶೀಶೆಯಲ್ಲಿ ಜಾಲಿಗಿಡದ ಕಟಗಿ ಹುಳುವಿತ್ತು. ಕಡ್ಡಿಗಳ ಪುಟ್ಟ ಹೊರೆಯನ್ನು ಮೈಗೆ ಕಟ್ಟಿಕೊಂಡು ತಿರುಗುವ ಹುಳುವನ್ನು ತಾವೂ ನೋಡಿರಬಹುದು. ಸರ್ ಅದಕ್ಕೆ ಜಾಲಿಯ ಎಲೆಗಳ ಜೊತೆ ಬಣ್ಣದ ಪೆನ್ಸಿಲ್ ಕೆತ್ತಿದ ಹೊಟ್ಟನ್ನು ಹಾಕುತ್ತಿದ್ದರು. ಕೆಲವು ದಿನ ಕೆಂಪು, ಕೆಲವು ದಿನ ನೀಲಿ. ಹುಳು ಅವನ್ನೇ ಆಯ್ದು ಅಂಟಿಸಿಕೊಂಡು, ಬೇಸಿಗೆ ರಜೆ ಬರುವಷ್ಟರಲ್ಲಿ ಪಟ್ಟೆಪಟ್ಟೆ ಅಂಗಿ ತೊಟ್ಟಿತ್ತು. ಆ ಶೀಶೆಯ ಮುಂದೆ ಮಕ್ಕಳು ಸಾಲುಗಟ್ಟಿ ನಿಲ್ಲುತ್ತಿದ್ದರು.

ಎದುರಿನ ಗೋಡೆಯ ಮೇಲೆ ಬೇರೆಯದೇ ಲೋಕ. ಡಿಪ್ಲೊಮಾ ಓದುವಾಗಿನ ಗೆಳೆಯರೊಬ್ಬರು ಹೈದರಾಬಾದಿನಲ್ಲಿದ್ದು, ಅಲ್ಲಿ ನಡೆಯುವ ಇಂದಿನ ಕಲೆಯ ಪ್ರದರ್ಶನಗಳ ಫೋಟೋಗಳನ್ನು ಅಂಚೆಯಲ್ಲಿ ಕಳುಹಿಸುತ್ತಿದ್ದರು. ಹಲಗೆಗೆ ಕಟ್ಟಿದ ಕಸಬರಿಗೆ. ಗೋಡೆ ತುಂಬ ಮೊಳೆ ಹೊಡೆದು ತೂಗುಹಾಕಿದ ಹರಿದ ಚಪ್ಪಲಿಗಳು. ಅಕ್ಕಿಯ ರಾಶಿಯೊಳಗೆ ಹೂತಿಟ್ಟು ಉರಿಸಿದ ಬಲ್ಬು. ಸಿಬ್ಬಂದಿಯವರು ಇವುಗಳನ್ನು ನೋಡಿ ನಗದೆ ಹೋದ ದಿನವಿಲ್ಲ.

“ಇದಕ್ಕೂ ಕಲಾ ಅಂತಾರೇನ್ರಿ? ನಮ್ಮನಿ ಅಟ್ಟದ ಮ್ಯಾಲ ಇಂಥಾ ಕಲಾ ಬೇಕಾದಷ್ಟು ಬಿದ್ದದ” ಎಂದು ನಾನೇ ಒಮ್ಮೆ ಅಂದೆ.

“ಹಂಗಾದ್ರ ಅಟ್ಟ ಝಾಡಿಸೋ ಮುಂದ ನನ್ನ ಕರೀರಿ” ಎಂದರು ಸರ್. ಆಮೇಲೆ ಮೆಲ್ಲಗೆ, “ನೋಡಿ ನಗ್ರಿ, ತಪ್ಪಲ್ಲ. ನೋಡದs ನಗೂದು ತಪ್ಪು” ಎಂದು ಸೇರಿಸಿದರು.

ಶನಿವಾರ ಬೆಳಗಿನ ಶಾಲೆ. ಅಂದು ಪ್ರಾರ್ಥನೆಯ ನಂತರ ಅವರು ಒಂದು ಆಟ ಆಡಿಸುತ್ತಿದ್ದರು. ಮೇಜಿನ ಮೇಲೆ ಎರಡು ವಸ್ತು. ಒಂದು ಪ್ರಾಣಿ, ಪಕ್ಷಿ ಅಥವಾ ಹುಳು ಮಾಡಿದ್ದು. ಇನ್ನೊಂದು ಆ ಫೋಟೋಗಳನ್ನು ನೋಡಿ ಸರ್ ಸ್ವತಃ ಮಾಡಿದ್ದು. ಯಾವುದು ಯಾರದೆಂದು ಮಕ್ಕಳು ಹೇಳಬೇಕು. ಒಮ್ಮೆ ಮಕ್ಕಳನ್ನು ಚಿತ್ರ ಬಿಡಿಸಲು ಬಸವಕಲ್ಯಾಣದ ಕೋಟೆಗೆ ಕರೆದೊಯ್ದಾಗ ಮಂಗವೊಂದು ಬಣ್ಣದ ಬಾಟಲಿ ಕಸಿದು, ಹಾಳೆಯ ಮೇಲೆ ಚೆಲ್ಲಿ, ಅದರ ಮೇಲೆಲ್ಲ ನಡೆದಾಡಿತ್ತು. ಮುಂದಿನ ಶನಿವಾರ ಸರ್ ಆ ಹಾಳೆಯನ್ನೂ ತಮ್ಮದೊಂದು ಹೊಸ ರೀತಿಯ ಚಿತ್ರವನ್ನೂ ಪಕ್ಕಪಕ್ಕ ತೂಗುಹಾಕಿದರು. ಇಡೀ ಶಾಲೆ ಒಕ್ಕೊರಲಿನಿಂದ ಮಂಗನದನ್ನು ಸರ್ ಅವರದೆಂದೂ, ಸರ್ ಅವರದನ್ನು ಮಂಗನದೆಂದೂ ತೀರ್ಮಾನಿಸಿತು. ಅವರು ಕಣ್ಣಲ್ಲಿ ನೀರು ಬರುವಂತೆ ನಕ್ಕು, “ಮಂಗ್ಯಾನ ಕೈ ನನ್ನಕಿಂತ ಸಡಿಲ ಅದ. ನಾ ಇನ್ನಾ ಕಲೀಬೇಕು” ಎಂದರು.

ಮಕ್ಕಳೂ ಬಿಟ್ಟವರಲ್ಲ. ಕೆಸರಿನಿಂದ ಪುಟ್ಟ ಪುಟ್ಟ ಗಡಿಗೆಗಳನ್ನು ಮಾಡಿ ಕಿಟಕಿಯ ಕೆಳಗೆ ಅಂಟಿಸಿಬಿಟ್ಟಿದ್ದರು. ಸರ್ ಅದನ್ನು ಕಂಡು ಎಲ್ಲ ಶಿಕ್ಷಕರನ್ನೂ ಕೂಗಿ ಕರೆದು, ಗಡಿಗೆ ಕಟ್ಟುವ ಕಣಜದ ಬಗ್ಗೆ ದೀರ್ಘ ವಿವರಣೆ ಕೊಟ್ಟರು. ಒಂದನ್ನು ಒಡೆದು ತೋರಿಸಿದಾಗ ಒಳಗಿನಿಂದ ಕಾಗದ ಸುತ್ತಿದ ಪೆಪ್ಪರ್‌ಮಿಂಟು ಉದುರಿತು! ಅದನ್ನು ಬಾಯಿಗೆ ಹಾಕಿಕೊಂಡು ಅವರು ಹೇಳಿದ್ದು: “ಈ ಕಣಜ ಒಂಬತ್ತನೇ ಇಯತ್ತೆದಾಗ ಕೂಡ್ತದ. ಬಾಳ ಹುಷಾರದ.”

ಈ ಆಟವೇ ಮುಖ್ಯೋಪಾಧ್ಯಾಯರಿಗೂ ಅವರಿಗೂ ಮನಸ್ತಾಪ ತಂದಿತು. ಮುಖ್ಯೋಪಾಧ್ಯಾಯರು ಇತಿಹಾಸದ ಶಿಕ್ಷಕರು. ಮನೆಯಲ್ಲಿ ಅಜ್ಜನ ಕಾಲದ, ಹಳೆಯ ಮರಾಠಿ ಬರವಣಿಗೆಯಾದ ಮೋಡಿ ಲಿಪಿಯ ಕಾಗದಗಳಿದ್ದು, ಆ ಲಿಪಿಯನ್ನು ಓದಬಲ್ಲೆನೆಂಬ ಅಭಿಮಾನ ಅವರಿಗಿತ್ತು. ಒಂದು ಶನಿವಾರ ಮೇಜಿನ ಮೇಲೆ ಹಳೆಯ ಹಲಗೆಯೊಂದಿತ್ತು. ಅದರ ತುಂಬ ಸುರುಳಿ ಸುರುಳಿಯಾದ ಕೊರೆತ. ಅವರು ಕನ್ನಡಕ ಏರಿಸಿ, ಮಕ್ಕಳನ್ನು ಸರಿಸಿ, “ಇದು ಮೋಡಿ ಅದ. ನಡುವ ಅಕ್ಷರ ಅಳಸ್ಯಾವ. ತಡೀರಿ, ಓದ್ತೀನಿ” ಎಂದು ಗಟ್ಟಿಯಾಗಿ ಒಂದು ಸಾಲು ಓದಿಯೇಬಿಟ್ಟರು. ಯಾರೋ ಜಮೀನು ಇನಾಮು ಕೊಟ್ಟ ಸಂಗತಿ.

ಸರ್ ಕೈಕಟ್ಟಿ ನಿಂತು, “ಸರ್, ಇದು ಹುಣಸಿ ಕಟಗಿ. ತೊಗಟಿ ಕೆಳಗ ಹುಳ ತಿಂದ ದಾರಿ ಅದು” ಎಂದರು.

ಮಕ್ಕಳು ನಕ್ಕರು. ಮುಖ್ಯೋಪಾಧ್ಯಾಯರು ನಗಲಿಲ್ಲ. ಅಂದಿನಿಂದ ಶನಿವಾರದ ಆಟಕ್ಕೆ ಅವರು ಬರುವುದನ್ನು ನಿಲ್ಲಿಸಿದರು.

ಹೊಸ ಶತಮಾನ ಆರಂಭವಾದ ಕೆಲವು ದಿನಗಳಿಗೆ ನಮ್ಮ ಶಾಲೆಗೆ ಕಂಪ್ಯೂಟರ್‌ಗಳು ಮಂಜೂರಾದವು. ಸಂತೋಷದ ವಿಷಯವೇ. ಆದರೆ ಅವುಗಳಿಗೆ ಗಟ್ಟಿ ಬಾಗಿಲು, ಕಂಬಿಯ ಕಿಟಕಿ, ಸೋರದ ಚಾವಣಿ ಬೇಕು. ಅಂಥವು ನಮ್ಮಲ್ಲಿ ಎರಡೇ: ಮುಖ್ಯೋಪಾಧ್ಯಾಯರ ಕೋಣೆ ಮತ್ತು ಚಿತ್ರಕಲಾ ಕೋಣೆ. ಯಾವುದನ್ನು ಖಾಲಿ ಮಾಡಿಸಬೇಕೆಂಬ ಚರ್ಚೆಯೇ ನಡೆಯಲಿಲ್ಲ. ಶುಕ್ರವಾರ ಸಂಜೆ ನನ್ನ ಎದುರಿಗೇ ಸರ್ ಅವರನ್ನು ಕರೆಸಿ ತಿಳಿಸಲಾಯಿತು.

“ನಾಳಿ ಖೋಲಿ ಖಾಲಿ ಮಾಡಿ ಕೀಲಿ ನನ್ನ ಟೇಬಲ್ ಮ್ಯಾಲ ಇಡ್ರಿ.”

“ಸಾಮಾನ ಎಲ್ಲಿ ಇಡ್ಲಿರಿ ಸರ್?”

“ಎಲ್ಲಿಂದ ತಂದೀರಿ, ಅಲ್ಲೇ ಇಡ್ರಿ. ಹುಳ ಗಿಡದಾಗ, ಕಸಬರಿಗಿ ಮೂಲ್ಯಾಗ.”

“ಸರ್, ಮಕ್ಕಳು ದಿನಾ ಬಂದು ನೋಡ್ತಾವ್ರಿ.”

“ನೋಡಿದ್ದಕ್ಕ ಪರೀಕ್ಷಾದಾಗ ಮಾರ್ಕ್ಸ್ ಕೊಡ್ತಾರೇನ್ರಿ?”

ಏರಿದ ದನಿಯಲ್ಲಿ ಇನ್ನೂ ನಾಲ್ಕು ಮಾತು ಎರಡೂ ಕಡೆಯಿಂದ ಬಂದವು. ಅವುಗಳನ್ನು ಇಲ್ಲಿ ಬರೆಯುವುದು ಉಚಿತವಲ್ಲ. ಆಮೇಲೆ ನನ್ನ ಮೇಜಿನ ಬಳಿ ಬಂದು ನಿಂತು ಅವರು ಅಂದದ್ದು ಮಾತ್ರ ನನ್ನ ಕಿವಿಯಲ್ಲಿ ಇನ್ನೂ ಇದೆ. “ಖೋಲಿ ಹೋದ್ರ ನಾ ಬರೇ ರಜಾ ಹಾಕಿದವರ ಪಿರಿಯಡ್ ತುಂಬೋ ಮನಷ್ಯಾ ಆಗ್ತೀನಿ ನೋಡ್ರಿ. ನಾಳಿ ಕೊನೀ ಸಲ ಆಟ ಆಡಸ್ತೀನಿ. ನಮ್ಮನಿ ಬೇವಿನ ಗಿಡದಾಗ ಒಂದು ಸಾಮಾನ ಅದ, ಬಾಳ ದಿನದಿಂದ ಕಣ್ಣಿಟ್ಟೀನಿ. ಅದನ್ನ ಮಕ್ಕಳಿಗಿ ತೋರಸೇ ಕೀಲಿ ಕೊಡ್ತೀನಿ.”

ಆ ಸಾಮಾನು ಕಾಗೆಯ ಗೂಡು. ಅವರ ಮನೆಯ ಪಕ್ಕದಲ್ಲಿ ಕಟ್ಟಡದ ಕೆಲಸ ನಡೆದಿತ್ತು. ಕಾಗೆಗಳು ಒಂದೇ ಒಂದು ಮರದ ಕಡ್ಡಿಯನ್ನೂ ಬಳಸದೆ, ಸಲಾಕೆ ಬಿಗಿಯುವ ತಂತಿ, ಸೈಕಲ್ಲಿನ ಕಡ್ಡಿ, ಹೆಂಗಸರ ಕೂದಲಿನ ಪಿನ್ನು ಇವುಗಳಿಂದಲೇ ಗೂಡು ಕಟ್ಟಿದ್ದವು. ಮರಿಗಳು ಹಾರಿಹೋದುದನ್ನು ಖಚಿತಪಡಿಸಿಕೊಂಡು ಸರ್ ಶನಿವಾರ ಬೆಳಗ್ಗೆ ಏಣಿ ಹಾಕಿ ಗೂಡು ಬಿಡಿಸಿದರು. ಆದರೆ ಹಾರಿದ ಮರಿ ಪಕ್ಕದ ಮಾಳಿಗೆಯ ಮೇಲೇ ಕುಳಿತಿತ್ತು. ತಾಯಿ ಕಾಗೆ ಎರಗಿ ಬಂದು ಅವರ ನೆತ್ತಿಗೆ ಬಲವಾಗಿ ಬಡಿದು ಹೋಯಿತು. ಅವರು ನೆತ್ತಿ ಸವರಿಕೊಂಡು, ಗೂಡನ್ನು ಟವೆಲಿನ ಸಿಂಬಿಯ ಮೇಲೆ ಹೊತ್ತುಕೊಂಡು, ಸಂತೋಷದಿಂದ ಬಸ್ಸಿಗೆ ನಡೆದರು.

ಅಂಗಳದಲ್ಲಿ ನಿಂತಿದ್ದ ಅವರ ಪತ್ನಿ ಇದೆಲ್ಲವನ್ನೂ ನೋಡಿದರು. ಕಾಗೆ ತಲೆಗೆ ಬಡಿದರೆ ಆಯುಷ್ಯಕ್ಕೆ ಕೇಡೆಂದು ನಮ್ಮ ಕಡೆ ನಂಬಿಕೆಯುಂಟು. ಪರಿಹಾರವೂ ಉಂಟು. ಆ ವ್ಯಕ್ತಿ ತೀರಿಕೊಂಡನೆಂದು ದೂರದ ಬಂಧುಗಳಿಗೆ ಸುದ್ದಿ ಮುಟ್ಟಿಸಬೇಕು. ಅವರು ನಿಜವೆಂದೇ ತಿಳಿದು ಅಳಬೇಕು. ಅತ್ತ ಮೇಲೆ ಸುಳ್ಳೆಂದು ಹೇಳಬೇಕು. ಅಲ್ಲಿಗೆ ದೋಷ ಕಳೆದು ಆಯುಷ್ಯ ಗಟ್ಟಿಯಾಗುತ್ತದೆ. ಸರ್ ಅವರ ಪತ್ನಿ ತಡಮಾಡದೆ ಎಸ್‌ಟಿಡಿ ಬೂತಿಗೆ ಹೋಗಿ, ಚಿಟಗುಪ್ಪದಲ್ಲಿದ್ದ ನಾದಿನಿಯ ಮನೆಯ ಪಕ್ಕದ ಅಂಗಡಿಗೆ ಫೋನ್ ಮಾಡಿದರು. ಅಂಗಡಿಯವರಿಗೇ ಮೊದಲು ನಿಜ ಹೇಳಿದರೆ ಅವರು ನಾದಿನಿಯ ಮುಂದೆ ನಕ್ಕುಬಿಟ್ಟಾರು, ಅಳು ಬಾರದೆ ಹೋದೀತು ಎಂದು ಯೋಚಿಸಿ, “ಅಣ್ಣಾರ, ನಮ್ಮ ನಾದಿನಿಗಿ ಹೇಳ್ರಿ, ಅವರಣ್ಣ ಹೋಗಿಬಿಟ್ರು” ಎಂದಷ್ಟೇ ಅಂದರು. ಉಳಿದದ್ದನ್ನು ನಾದಿನಿ ಫೋನಿಗೆ ಬಂದು ಅತ್ತ ಮೇಲೆ ಹೇಳುವುದೆಂದಿದ್ದರು.

ಆದರೆ ಆ ಅಂಗಡಿಯವರೇ ನಮ್ಮ ಶಾಲೆಗೆ ಸೀಮೆಸುಣ್ಣ, ಶಾಯಿ, ಕಾಗದ ಪೂರೈಸುವವರು. ಸರ್ ಅವರನ್ನು ಬಲ್ಲವರು. ಸುದ್ದಿ ಕೇಳಿದವರೇ ಫೋನ್ ಇಟ್ಟುಬಿಟ್ಟರು. ಪಕ್ಕದ ಮನೆಗೆ ಓಡುವ ಮೊದಲು ನಮ್ಮ ಶಾಲೆಯ ನಂಬರ್ ತಿರುಗಿಸಿದರು. ಬಸವಕಲ್ಯಾಣದ ಬೂತಿನಲ್ಲಿ ಸರ್ ಅವರ ಪತ್ನಿ ಮತ್ತೆ ಮತ್ತೆ ಪ್ರಯತ್ನಿಸಿದರೂ ಲೈನು ಸಿಗಲಿಲ್ಲ.

ಫೋನ್ ಎತ್ತಿದವನು ನಾನು. “ಕ್ಲರ್ಕ್ ಸಾಹೇಬ್ರ, ನಿಮ್ಮ ಡ್ರಾಯಿಂಗ್ ಸರ್ ಹೋಗಿಬಿಟ್ರಂತ್ರೀ” ಎಂದು ಅಂಗಡಿಯವರು ಬಿಕ್ಕುತ್ತಿದ್ದರು. ಎಂದೂ ತಡವಾಗದ ಸರ್ ಅಂದು ಪ್ರಾರ್ಥನೆಯ ಗಂಟೆಯಾದರೂ ಬಂದಿರಲಿಲ್ಲ. ಸುದ್ದಿಯನ್ನು ನಂಬದಿರಲು ನನಗೆ ಕಾರಣ ಉಳಿಯಲಿಲ್ಲ.

ನಾನು ಹೋಗಿ ತಿಳಿಸಿದಾಗ ಮುಖ್ಯೋಪಾಧ್ಯಾಯರು ಕುರ್ಚಿಯಿಂದ ಅರ್ಧ ಎದ್ದವರು ಹಾಗೆಯೇ ನಿಂತರು.

“ಹ್ಯಾಂಗ ಸಾಧ್ಯ ಅದರಿ? ನಿನ್ನೆ ಸಂಜಿಗಿ ನನ್ನ ಸಂಗಾಟ ಜಗಳಾಡ್ಯಾರಲ್ಲ!”

ನನ್ನ ಬಳಿಯಿದ್ದ ಇನ್ನೊಂದು ಕೀಲಿಯನ್ನು ಕೇಳಿ ಪಡೆದು ಅವರು ಚಿತ್ರಕಲಾ ಕೋಣೆಗೆ ಒಬ್ಬರೇ ಹೋದರು. ಬಹಳ ಹೊತ್ತು ಬರಲಿಲ್ಲ. ಕರೆಯಲು ಹೋದ ನಾನು ಬಾಗಿಲಲ್ಲೇ ನಿಂತೆ. ಅವರು ಆ ಹುಣಸೆಯ ಹಲಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಹುಳುವಿನ ದಾರಿಯ ಮೇಲೆ ಬೆರಳಾಡಿಸುತ್ತಿದ್ದರು. ಹೊರಗೆ ಬಂದಾಗ ಅವರ ಕಣ್ಣು ಕೆಂಪಾಗಿತ್ತು.

ಅಂಗಳದಲ್ಲಿ ಸಂತಾಪ ಸಭೆ ಸೇರಿತು. ಆಡಳಿತ ಮಂಡಳಿಯ ಅಧ್ಯಕ್ಷರು ತಮ್ಮ ಬಟ್ಟೆ ಅಂಗಡಿಯಿಂದಲೇ ಧಾವಿಸಿ ಬಂದರು. ಫೋಟೋ ಯಾರ ಬಳಿಯೂ ಇಲ್ಲದ್ದರಿಂದ ತಂದ ಹಾರವನ್ನು ತಟ್ಟೆಯಲ್ಲಿಟ್ಟು ಮೇಜಿನ ಮೇಲಿರಿಸಲಾಯಿತು. ಮುಖ್ಯೋಪಾಧ್ಯಾಯರು ಯಾವಾಗಲೂ ಗ್ರಂಥದ ಭಾಷೆಯಲ್ಲಿ ಭಾಷಣ ಮಾಡುವವರು. ಅಂದು ಮನೆಯ ಮಾತಿನಲ್ಲಿ ಮಾತಾಡಿದರು.

“ಮಕ್ಕಳ, ನಿಮ್ಮ ಸರ್ ನನಗ ನೋಡೂದು ಕಲಸಾಕ ಬಂದಿದ್ರು. ನಾ ಸಿಟ್ಟಿಗೆದ್ದು ಕಣ್ಣ ಮುಚ್ಚಿಕೊಂಡೆ. ಇವತ್ತ ಆ ಖೋಲ್ಯಾಗ ಒಬ್ಬನs ಕುಂತು ಎಲ್ಲಾ ನೋಡಿ ಬಂದೀನಿ. ಅಧ್ಯಕ್ಷರ, ನಿಮ್ಮ ಎದುರಿಗೇ ಹೇಳ್ತೀನಿ. ಅವರ ಖೋಲಿ ಹ್ಯಾಂಗದ ಹಂಗೇ ಇರ್ತದ. ಒಂದು ಹುಳಾನೂ ಅಲ್ಲಿಂದ ಕದಲಬಾರದು. ಕಂಪ್ಯೂಟರ್ ನನ್ನ ಖೋಲ್ಯಾಗ ಇಡ್ರಿ. ನಾ ವರಾಂಡಾದಾಗ ಕೂಡ್ತೀನಿ.”

ಅಧ್ಯಕ್ಷರು ಕಣ್ಣೊರೆಸಿಕೊಳ್ಳುತ್ತ, “ಆಗ್ಲಿರಿ, ಹಂಗೇ ಆಗ್ಲಿ” ಎಂದರು. ತದನಂತರ ಎಲ್ಲರೂ ಎದ್ದುನಿಂತು, ಕಣ್ಣುಮುಚ್ಚಿ, ಮೌನಾಚರಣೆ ಆರಂಭವಾಯಿತು.

ಮೌನದ ನಡುವೆ ನನ್ನ ಪಕ್ಕದಲ್ಲಿ ತಂತಿಗೆ ತಂತಿ ತಾಗಿದ ಸಣ್ಣ ಸದ್ದು ಕೇಳಿಸಿತು. ಕಣ್ಣು ಬಿಟ್ಟೆ. ಡ್ರಾಯಿಂಗ್ ಸರ್! ದಾರಿಯಲ್ಲಿ ಬಸ್ಸಿನ ಗಾಲಿ ಪಂಕ್ಚರ್ ಆಗಿ ತಡವಾಗಿ ಬಂದವರು, ಸಭೆ ಮೌನವಾಗಿರುವುದನ್ನು ಕಂಡು, ತಲೆಯ ಮೇಲಿನ ಗೂಡನ್ನು ಸದ್ದಾಗದಂತೆ ಕೆಳಗಿಳಿಸಿ, ತಾವೂ ಕೈಕಟ್ಟಿ ಕಣ್ಣುಮುಚ್ಚಿ ತಲೆತಗ್ಗಿಸಿ ನಿಂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅವರು ಕಣ್ಣು ತೆರೆಯದೆಯೇ ಪಿಸುಗುಟ್ಟಿದರು:

“ಯಾರು ಹೋದ್ರಿ?”

“ನೀವ್ರಿ ಸರ್.”

ಅವರು ತಲೆಯನ್ನು ಒಂದು ಬದಿಗೆ ವಾಲಿಸಿ ಯೋಚಿಸಿದರು. “ಯಾವಾಗ್ರಿ?”

“ಮುಂಜಾನಿರಿ.”

“ನನಗ ಯಾರೂ ಹೇಳೇ ಇಲ್ಲ ನೋಡ್ರಿ.”

ಅಷ್ಟರಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಕಣ್ಣು ಬಿಟ್ಟಿದ್ದಳು. ಅವಳ ಕಿರುಚಾಟಕ್ಕೆ ಸಾಲುಗಳು ಚೆಲ್ಲಾಪಿಲ್ಲಿಯಾದವು. ಕೆಲವರು ಗೇಟಿನ ಕಡೆಗೆ ಓಡಿದರು, ಕೆಲವರು ಸರ್ ಅವರ ಕಡೆಗೇ ಓಡಿಬಂದು ಕೈ ಮುಟ್ಟಿ ನೋಡಿದರು. ಹಿಂದಿ ಶಿಕ್ಷಕಿಯವರು ಒಮ್ಮೆ ಸರ್ ಅವರನ್ನೂ ಒಮ್ಮೆ ಗೂಡನ್ನೂ ನೋಡಿ, “ಸರ್, ಖರೇ ಹೇಳ್ರಿ, ಕಾಗಿ ಏನರ ತಲಿಗಿ ಬಡೀತೇನ್ರಿ?” ಎಂದು ಕೇಳಿದರು.

ಸರ್ ನೆತ್ತಿ ಮುಟ್ಟಿಕೊಂಡರು. “ಹೌದ್ರಿ ಬಾಯಾರ. ನಿಮಗ್ಯಾರು ಹೇಳಿದ್ರು?”

“ಅಯ್ಯ, ಮನ್ಯಾಗ ವೈನಿ ನಿಮ್ಮ ಆಯುಷ್ಯ ಗಟ್ಟಿ ಮಾಡಾಕತ್ತಾರ! ನಾವು ಸುಮ್ಮನs ಅತ್ತೀವಿ!”

ಆಗ ಎದ್ದ ನಗೆ, ಆಗ ಬಿದ್ದ ಚಪ್ಪಾಳೆ ಆ ಶಾಲೆಯಲ್ಲಿ ಮುಂಚೆಯೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಆದರೆ ನಗು ಇಳಿದಂತೆ ಎಲ್ಲರ ದೃಷ್ಟಿ ವೇದಿಕೆಯ ಕಡೆಗೆ ಹೊರಳಿತು. ಅಧ್ಯಕ್ಷರು ವ್ಯಾಪಾರಸ್ಥರು. ಗಂಟಲು ಸರಿಪಡಿಸಿಕೊಂಡು ಕೇಳಿದರು:

“ಹೆಡ್‌ಮಾಸ್ತರ್ರ, ಮನಷ್ಯಾ ಎದುರಿಗೇ ಬಂದು ನಿಂತಾರ. ಈಗ ಆ ಖೋಲಿ ಮಾತು...?”

ಸರ್ ನೆಲ ನೋಡುತ್ತ ನಿಂತಿದ್ದರು. ಅವರ ಕೈ ಜೇಬಿಗೆ ಹೋಗಿ, ಒಪ್ಪಿಸಬೇಕಿದ್ದ ಕೀಲಿಯನ್ನು ಹೊರತೆಗೆದಿತ್ತು. ಸಭೆಯಲ್ಲಿ ಕೋಣೆಯ ಬಗ್ಗೆ ಏನು ಮಾತಾಗಿದೆ ಎಂಬುದು ಅವರೊಬ್ಬರಿಗೆ ಇನ್ನೂ ತಿಳಿದಿರಲಿಲ್ಲ. ಅವರು ವೇದಿಕೆಯತ್ತ ನಡೆದು ಕೀಲಿಯನ್ನು ಮುಂದೆ ಚಾಚಿದರು.

“ಸರ್, ತಗೋರಿ. ಇದೊಂದು ಗೂಡು ಮಕ್ಕಳಿಗಿ ತೋರಸಾಕ ಜರಾ ಟೈಮ್ ಕೊಡ್ರಿ, ಆಮ್ಯಾಲ ಖಾಲಿ ಮಾಡ್ತೀನಿ.”

ಮುಖ್ಯೋಪಾಧ್ಯಾಯರು ವೇದಿಕೆಯಿಂದ ಇಳಿದರು. ಕೀಲಿಯನ್ನು ತೆಗೆದುಕೊಳ್ಳಲಿಲ್ಲ. ಸರ್ ಅವರ ಬೆರಳುಗಳನ್ನು ಕೀಲಿಯ ಮೇಲೆ ಮಡಚಿ ತಮ್ಮ ಎರಡೂ ಕೈಗಳಿಂದ ಮುಚ್ಚಿದರು.

“ಅಧ್ಯಕ್ಷರ, ಸತ್ತಾರ ಅಂತ ತಿಳದು ಕೊಟ್ಟ ಖೋಲಿ ಇದು. ಜೀವಂತ ಬಂದು ನಿಂತವರಿಗಿ ಹ್ಯಾಂಗ ಇಲ್ಲ ಅನ್ಲಿರಿ? ಇನ್ನಾ ಒಂದು ಖೋಲಿ ಜಾಸ್ತಿ ಕೊಡಬೇಕು ಅನಸಾಕತ್ತದ.”

“ಸರ್, ಮತ್ತ ಕಂಪ್ಯೂಟರ್?” ಎಂದರು ಡ್ರಾಯಿಂಗ್ ಸರ್, ಏನೂ ಅರ್ಥವಾಗದೆ.

“ನನ್ನ ಖೋಲಿಗಿ ಬರ್ತಾವ.”

“ನೀವ್ರಿ?”

“ವರಾಂಡಾದಾಗ ಗಾಳಿ ಚೊಲೊ ಅದ. ನಡೀರಿ, ಗೂಡು ತೋರಸ್ರಿ. ಮಕ್ಕಳಕಿಂತ ಮೊದಲ ನಾ ನೋಡ್ತೀನಿ.”

ಅಧ್ಯಕ್ಷರು ತಟ್ಟೆಯಲ್ಲಿದ್ದ ಹಾರವನ್ನು ಸಂತೋಷದ ಭರದಲ್ಲಿ ಎತ್ತಿ ಸರ್ ಅವರ ಕೊರಳಿಗೆ ಹಾಕಹೋದರು. ಬಾಯಾರು “ಬ್ಯಾಡ್ರಿ, ಬ್ಯಾಡ್ರಿ, ಆ ಹಾರ ಬ್ಯಾಡ್ರಿ!” ಎಂದು ಅಡ್ಡ ಬಂದರು. ಹಾರವನ್ನು ಎಲ್ಲಿಡುವುದೆಂದು ತಿಳಿಯದೆ ಕೊನೆಗೆ ಗೂಡಿಗೇ ಸುತ್ತಲಾಯಿತು. ಮಕ್ಕಳು ಹಾರ ಹಾಕಿದ ತಂತಿಯ ಗೂಡನ್ನು ಹೆಗಲ ಮೇಲೆ ಹೊತ್ತು, ಕಂಪಾಸ್ ಪೆಟ್ಟಿಗೆಗಳನ್ನು ಬಾರಿಸುತ್ತ ಶಾಲೆಯನ್ನು ಸುತ್ತು ಹಾಕಿ, ಚಿತ್ರಕಲಾ ಕೋಣೆಯ ನಡುಮೇಜಿನ ಮೇಲೆ ಪ್ರತಿಷ್ಠಾಪಿಸಿದರು. ಅಂದೇ ಮಧ್ಯಾಹ್ನ ಚಿಟಗುಪ್ಪದಿಂದ ಅಳುತ್ತ ಬಂದಿಳಿದ ತಂಗಿಗೆ ಅಣ್ಣ ಸ್ವತಃ ಚಹಾ ಕುಡಿಸಿ ಕಳುಹಿಸಿದರೆಂಬುದನ್ನೂ ಇಲ್ಲಿ ನಮೂದಿಸತಕ್ಕದ್ದು.

ಮುಖ್ಯೋಪಾಧ್ಯಾಯರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಮೇಜು, ಕುರ್ಚಿ, ಭೂಪಟ ಸಮೇತ ವರಾಂಡಕ್ಕೆ ಬಂದು ಕುಳಿತರು. ನಿವೃತ್ತರಾಗುವವರೆಗೂ ಅಲ್ಲಿಯೇ ಕುಳಿತರು. ಮಳೆ ಬಂದಾಗ ನಾವೆಲ್ಲ ಸೇರಿ ಮೇಜನ್ನು ಗೋಡೆಗೆ ಸರಿಸುತ್ತಿದ್ದೆವು.

ಮುಂದಿನ ವರ್ಷವಿರಬೇಕು. ಒಂದು ಬೆಳಗ್ಗೆ ವರಾಂಡದಿಂದ ಅವರ ದೊಡ್ಡ ದನಿ ಕೇಳಿಸಿತು. “ಡ್ರಾಯಿಂಗ್ ಸರ್ರ! ಓಡಿ ಬರ್ರಿ! ಮೆಲ್ಲಕ ಬರ್ರಿ!” ನಾವು ಓಡಲೂ ಆಗದೆ ನಡೆಯಲೂ ಆಗದೆ ಹೋದೆವು. ಅವರು ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು. ತಲೆಯ ಮೇಲೆ ಬಲ್ಬಿನ ವೈರಿಗೆ ಸೂರಕ್ಕಿಯೊಂದು ಗೂಡು ಕಟ್ಟುತ್ತಿತ್ತು. ಜೇಡರಬಲೆ, ತೊಗಟೆಯ ಚೂರು, ಅವುಗಳ ನಡುವೆ ಚಾಕಲೇಟಿನ ಬೆಳ್ಳಿಕಾಗದ, ಪರೀಕ್ಷೆಯ ಉತ್ತರ ಪತ್ರಿಕೆಗೆ ಕಟ್ಟುವ ಬಿಳಿ ದಾರ.

ಡ್ರಾಯಿಂಗ್ ಸರ್ ತಲೆ ವಾಲಿಸಿ ಬಹಳ ಹೊತ್ತು ನೋಡಿದರು. “ಮರಿ ಹಾರಿದ ಮ್ಯಾಲ ಇದನ್ನ ಖೋಲಿಗಿ ಒಯ್ಲಿರಿ ಸರ್?” ಎಂದು ಆಸೆಯಿಂದ ಕೇಳಿದರು.

ಮುಖ್ಯೋಪಾಧ್ಯಾಯರು ಕುರ್ಚಿಯ ಮೇಲಿಂದಲೇ ಕೈ ಅಡ್ಡ ಹಿಡಿದರು.

“ಆ ಖೋಲಿ ನಿಮ್ಮದದ, ನಾ ಒಂದು ಮಾತು ಕೇಳಂಗಿಲ್ಲ. ವರಾಂಡಾ ನನ್ನದದ. ಈ ಗೂಡು ಮೊದಲ ನೋಡಿದಾಂವ ನಾ. ಇದು ಇಲ್ಲೇ ಇರ್ತದ!”

ಇಷ್ಟು ನನಗೆ ತಿಳಿದ ಸಂಗತಿ. ನಾನು ಹೆದರಿ ಹೆದರಿ ಬರೆದ ಈ ಹಾಳೆಗಳಲ್ಲಿ ಕಾಗುಣಿತ ಕೆಟ್ಟಿದ್ದರೆ, ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಹೋಗಿದ್ದರೆ, ಅಂದು ಅಂಗಳದಲ್ಲಿದ್ದ ವಿದ್ಯಾರ್ಥಿಗಳೂ ಇತರ ಓದುಗರೂ ಸಂಕೋಚಪಡದೆ ಅಂಚಿನಲ್ಲಿ ಕೆಂಪು ಶಾಯಿಯಿಂದ ತಿದ್ದಿ, ನನಗೂ ಒಂದು ಮಾತು ತಿಳಿಸಬೇಕಾಗಿ ಸವಿನಯದಿಂದ ಕೋರುತ್ತೇನೆ.

ತಮ್ಮ ವಿಧೇಯ,
ಶಾಲೆಯ ಹಿಂದಿನ ಗುಮಾಸ್ತ